ಗಾಳಿಯ ಹೊಳೆಗೊಂದು ಅಳತೆಗೋಲು



ಕರ್ನಾಟಕದ ಭೂಪಟವನ್ನು ಎದುರಿಗಿಟ್ಟುಕೊಂಡು ಅರ್ಕಾವತಿ ಹೊಳೆಯ ಜಾಡನ್ನು ಒಮ್ಮೆ ಬೆರಳಿನಿಂದ ಹಿಂಬಾಲಿಸಿ. ನಂದಿಬೆಟ್ಟದ ಬಳಿ ಹುಟ್ಟುವ ಈ ಹೊಳೆ ಹೆಸರಘಟ್ಟವನ್ನು ದಾಟಿ, ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿ ಮತ್ತು ಮಂಚನಬೆಲೆ ಜಲಾಶಯಗಳಲ್ಲಿ ತಂಗಿ, ರಾಮನಗರ ಪಟ್ಟಣವನ್ನು ಹಾದು, ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ದಾರಿಯಲ್ಲಿ ವೃಷಭಾವತಿ ಬಂದು ಇದಕ್ಕೆ ಕೂಡಿಕೊಳ್ಳುತ್ತದೆ. ಬೆಂಗಳೂರಿನ ಕೊಳಚೆಯನ್ನೆಲ್ಲ ಹೊತ್ತು, ರಾಮನಗರ ತಾಲ್ಲೂಕಿನ ಬೈರಮಂಗಲ ಕೆರೆಯ ಮೂಲಕ ಬರುವ ಹೊಳೆ ಅದು. ಚನ್ನಪಟ್ಟಣದ ಕಡೆಯ ಕಣ್ವ ಹೊಳೆಯೂ ಶಿಂಷಾ ನದಿಯ ಮೂಲಕ ಕೊನೆಗೆ ಕಾವೇರಿಗೇ ಹೋಗುತ್ತದೆ.

ಮೇಲಿನ ಊರಿನವರು ಹೊಳೆಗೆ ಬಿಟ್ಟದ್ದನ್ನು ಕೆಳಗಿನ ಊರಿನವರು ಉಣ್ಣಬೇಕಾಗುತ್ತದೆ ಎಂಬ ಮಾತನ್ನು ಈ ನಾಲ್ಕು ತಾಲ್ಲೂಕುಗಳ ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೈರಮಂಗಲದ ನೊರೆಯನ್ನು ಕಂಡವರಿಗೆ ಅದು ಗೊತ್ತೇ ಇದೆ.

ಭೂಪಟದಲ್ಲಿ ಬೆರಳನ್ನು ಇನ್ನೂ ಸ್ವಲ್ಪ ಮುಂದಕ್ಕೆ ಸರಿಸಿ. ಸಂಗಮ ಮತ್ತು ಮೇಕೆದಾಟು ದಾಟಿದ ಮೇಲೆ, ಕರ್ನಾಟಕ ಮತ್ತು ತಮಿಳುನಾಡುಗಳ ಗಡಿಯಲ್ಲಿ, ಬಿಳಿಗುಂಡ್ಲು ಎಂಬ ಸ್ಥಳವಿದೆ. ಅಲ್ಲಿ ಕೇಂದ್ರ ಜಲ ಆಯೋಗದ ಅಳತೆ ಕೇಂದ್ರವಿದೆ. ಕಾವೇರಿಯಲ್ಲಿ ಎಷ್ಟು ನೀರು ಹರಿದುಹೋಯಿತು ಎಂಬುದಕ್ಕೆ ಎರಡೂ ರಾಜ್ಯಗಳು ಒಪ್ಪುವ ಲೆಕ್ಕ ಅದು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ವರ್ಷಕ್ಕೆ 177.25 ಟಿ.ಎಂ.ಸಿ. ಅಡಿ ನೀರು ಎಂದು ತೀರ್ಪು ಕೊಟ್ಟಾಗ, ಆ ನೀರನ್ನು ಬಿಳಿಗುಂಡ್ಲುವಿನಲ್ಲಿ ಅಳೆಯಬೇಕೆಂದೇ ಹೇಳಿತು. ಜಗಳ ಎಷ್ಟೇ ಇರಲಿ, ಅಳತೆಗೋಲು ಒಂದೇ.

ಈಗ ಒಂದು ಪ್ರಶ್ನೆ. ನೀರಿಗೆ ಬಿಳಿಗುಂಡ್ಲು ಇದೆ. ಗಾಳಿಗೆ? ಒಂದು ದೇಶದ ಹೊಗೆ ಇನ್ನೊಂದು ದೇಶಕ್ಕೆ, ಒಂದು ಭೂಖಂಡದ ಧೂಳು ಇನ್ನೊಂದು ಭೂಖಂಡಕ್ಕೆ ಹೋದರೆ ಅದನ್ನು ಅಳೆಯುವವರು ಯಾರು? ಎಲ್ಲಿ? ಹೇಗೆ? ಈ ಪಾಠದಲ್ಲಿ ನಾವು ತಿಳಿಯಬೇಕಾದದ್ದು ಇದನ್ನೇ.

ಮೇಲಿನವರು ಯಾರು, ಕೆಳಗಿನವರು ಯಾರು?

ಹೊಳೆಗೂ ಗಾಳಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಹೊಳೆ ಸದಾ ಒಂದೇ ದಿಕ್ಕಿಗೆ ಹರಿಯುತ್ತದೆ. ಗಾಳಿ ಹಾಗಲ್ಲ, ಋತುವಿಗೆ ತಕ್ಕಂತೆ ದಿಕ್ಕು ಬದಲಿಸುತ್ತದೆ.

ನಮ್ಮ ಹಿರಿಯರು ಆಷಾಢದ ಗಾಳಿಯ ಮಾತು ಆಡುವುದನ್ನು ನೀವು ಕೇಳಿರಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಗಾಳಿ ಪಡುವಣದಿಂದ ಮತ್ತು ನೈಋತ್ಯದಿಂದ ಬೀಸುತ್ತದೆ. ಇದರ ಮೂಲ ಅರಬ್ಬೀ ಸಮುದ್ರಕ್ಕಿಂತಲೂ ಆಚೆ ಇದೆ. ದಕ್ಷಿಣಾರ್ಧ ಗೋಳದ ಹಿಂದೂ ಮಹಾಸಾಗರದಲ್ಲಿ ಹೊರಟ ಗಾಳಿ ಆಫ್ರಿಕದ ಪೂರ್ವ ಕರಾವಳಿಯ ಬಳಿ ಸಮಭಾಜಕ ವೃತ್ತವನ್ನು ದಾಟಿ, ಸೊಮಾಲಿಯದ ಪಕ್ಕದಲ್ಲಿ ರಭಸ ಪಡೆದು, ಅಲ್ಲಿಂದ ತಿರುಗಿ ನಮ್ಮ ಕಡೆಗೆ ಬರುತ್ತದೆ. ಈ ರಭಸದ ಪ್ರವಾಹವನ್ನು 1969ರಲ್ಲಿ ವಿವರವಾಗಿ ಬರೆದು ತೋರಿಸಿದವರು ಫಿಂಡ್‌ಲೇಟರ್ ಎಂಬ ಪವನಶಾಸ್ತ್ರಜ್ಞರು. ಆಷಾಢದಲ್ಲಿ ಚನ್ನಪಟ್ಟಣದ ತೆಂಗಿನ ತೋಟವನ್ನು ಅಲುಗಾಡಿಸುವ ಗಾಳಿ ಕೆಲವು ದಿನಗಳ ಹಿಂದೆ ಆಫ್ರಿಕದ ಅಂಚಿನಲ್ಲಿತ್ತು ಎಂದರೆ ತಪ್ಪಾಗದು.

ಚಳಿಗಾಲ ಬಂದಿತೆಂದರೆ ಗಾಳಿ ತಿರುಗುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ನಮ್ಮಲ್ಲಿ ಮೂಡಣ ಮತ್ತು ಈಶಾನ್ಯದ ಗಾಳಿ. ಭೂಭಾಗದ ಮೇಲಿನ ಗಾಳಿಯು ಸಮುದ್ರದ ಕಡೆಗೆ, ಅಂದರೆ ಅರಬ್ಬೀ ಸಮುದ್ರ ಮತ್ತು ಮಾಲ್ಡೀವ್ಸ್ ದ್ವೀಪಗಳ ಕಡೆಗೆ ಸಾಗುತ್ತದೆ.

ಇದರ ಪರಿಣಾಮವನ್ನು ನಮ್ಮ ಊರುಗಳ ಮಟ್ಟದಲ್ಲೇ ನೋಡಿ. ರಾಮನಗರವು ಬೆಂಗಳೂರಿನ ನೈಋತ್ಯಕ್ಕೆ ಸುಮಾರು 50 ಕಿ.ಮೀ. ದೂರದಲ್ಲಿದೆ. ಚಳಿಗಾಲದ ಈಶಾನ್ಯ ಗಾಳಿಯಲ್ಲಿ ಬೆಂಗಳೂರು ಮೇಲಿನ ಊರು, ರಾಮನಗರ ಕೆಳಗಿನ ಊರು. ಆಷಾಢದಲ್ಲಿ ಇದು ತಲೆಕೆಳಗು: ರಾಮನಗರದ ಗಾಳಿಯೇ ಬೆಂಗಳೂರಿಗೆ ಹೋಗುತ್ತದೆ. ಹೊಳೆಯ ದಂಡೆಯಲ್ಲಿ ಒಬ್ಬ ಎಂದೆಂದಿಗೂ ಮೇಲಿನವನು, ಇನ್ನೊಬ್ಬ ಎಂದೆಂದಿಗೂ ಕೆಳಗಿನವನು. ಗಾಳಿಯ ಹೊಳೆಯಲ್ಲಿ ಪ್ರತಿಯೊಬ್ಬನೂ ವರ್ಷದ ಕೆಲವು ತಿಂಗಳು ಮೇಲಿನವನು, ಕೆಲವು ತಿಂಗಳು ಕೆಳಗಿನವನು. ಊರುಗಳ ನಡುವೆ ಹೇಗೋ ದೇಶಗಳ ನಡುವೆಯೂ ಹಾಗೆಯೇ.

ಆಯುಷ್ಯವಿದ್ದಷ್ಟು ದೂರ

ಎಲ್ಲ ಮಾಲಿನ್ಯವೂ ಭೂಖಂಡ ದಾಟುವುದಿಲ್ಲ. ಯಾವುದು ದಾಟುತ್ತದೆ, ಯಾವುದು ದಾಟುವುದಿಲ್ಲ ಎಂಬುದನ್ನು ನಿರ್ಧರಿಸುವುದು ಅದರ ಆಯುಷ್ಯ. ಗಾಳಿಗೆ ಸೇರಿದ ವಸ್ತು ಮಳೆಗೆ ತೊಳೆದುಹೋಗುವ ತನಕ, ನೆಲಕ್ಕೆ ಕೂರುವ ತನಕ ಅಥವಾ ರಾಸಾಯನಿಕವಾಗಿ ಬೇರೆಯಾಗುವ ತನಕ ಇರುವ ಕಾಲವೇ ಅದರ ಆಯುಷ್ಯ.

ಕಲ್ಲುಗಣಿಯ ಅಥವಾ ಮಣ್ಣುರಸ್ತೆಯ ದಪ್ಪ ಧೂಳು ಕೆಲವು ಗಂಟೆಗಳಲ್ಲೇ ಹತ್ತಿರದ ಹೊಲದ ಮೇಲೆ ಕೂರುತ್ತದೆ. ರಸ್ತೆಬದಿಯ ಹಿಪ್ಪುನೇರಳೆ ಸೊಪ್ಪನ್ನು ಹಾಗೆಯೇ ಹುಳುವಿಗೆ ಹಾಕಬಾರದೆಂದು ರೇಷ್ಮೆ ಬೆಳೆಗಾರರು ಹೇಳುವುದು ಈ ಧೂಳಿನ ದೆಸೆಯಿಂದಲೇ. ಆದರೆ ಹೊಗೆಯಲ್ಲಿರುವ ಅತಿ ಸಣ್ಣ ಕಣಗಳು ಸುಮಾರು ಒಂದು ವಾರ ತೇಲಬಲ್ಲವು. ನೆಲಮಟ್ಟದ ಓಜೋನ್ ಅನಿಲದ ಆಯುಷ್ಯ ಸುಮಾರು ಮೂರು ವಾರ. ಇಂಗಾಲದ ಮಾನಾಕ್ಸೈಡಿನದು ಒಂದೆರಡು ತಿಂಗಳು. ಮೀಥೇನ್ ಅನಿಲದ್ದು ಹತ್ತು ವರ್ಷಗಳ ಆಸುಪಾಸು.

ಇನ್ನು ವೇಗವನ್ನು ನೋಡೋಣ. ಉತ್ತರಾರ್ಧ ಗೋಳದ ಮಧ್ಯ ಅಕ್ಷಾಂಶಗಳಲ್ಲಿ ಮೇಲ್ಮಟ್ಟದ ಪಡುವಣ ಗಾಳಿಯು ಎರಡು ಮೂರು ವಾರಗಳಲ್ಲಿ ಭೂಮಿಯನ್ನು ಒಂದು ಸುತ್ತು ಹಾಕುತ್ತದೆ. ಆದ್ದರಿಂದ ಸಣ್ಣ ಕಣವು ಒಂದು ಮಹಾಸಾಗರವನ್ನು ದಾಟೀತು. ಓಜೋನ್ ಭೂಗೋಳದ ಸುತ್ತ ಹರಡೀತು. ಮೀಥೇನಿಗಂತೂ ಉತ್ತರ, ದಕ್ಷಿಣವೆಂಬ ಭೇದವೇ ಇಲ್ಲ, ಇಡೀ ವಾಯುಮಂಡಲದಲ್ಲಿ ಬೆರೆತುಹೋಗುತ್ತದೆ.

ಹಸಿರು ಸೂರ್ಯ ಕಂಡ ವರ್ಷ

ಇದಕ್ಕೆ ಹಳೆಯದೊಂದು ಸಾಕ್ಷಿ ನಮ್ಮ ನೆರೆಯಲ್ಲೇ ಇದೆ. 1883ರ ಆಗಸ್ಟ್ 26 ಮತ್ತು 27ರಂದು ಇಂಡೋನೇಷ್ಯದ ಕ್ರಕಟೋವ ಜ್ವಾಲಾಮುಖಿ ಸಿಡಿಯಿತು. ಸೆಪ್ಟೆಂಬರಿನಲ್ಲಿ ದಕ್ಷಿಣ ಭಾರತದ ಹಲವು ಕಡೆ ಉದಯಾಸ್ತಗಳಲ್ಲಿ ಸೂರ್ಯ ಹಸಿರಾಗಿ ಕಾಣಿಸಿಕೊಂಡ. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನ ಭೌತಶಾಸ್ತ್ರ ಪ್ರಾಧ್ಯಾಪಕ ಮಿಚೀ ಸ್ಮಿತ್ ಇದನ್ನು ಗಮನವಿಟ್ಟು ನೋಡಿ ದಾಖಲಿಸಿದರು. ಲಂಡನ್ನಿನ ರಾಯಲ್ ಸೊಸೈಟಿ ಜಗತ್ತಿನ ನಾನಾ ಭಾಗಗಳಿಂದ ಇಂಥ ವರದಿಗಳನ್ನು ತರಿಸಿಕೊಂಡು 1888ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿತು. ಯಾವ ಊರಿನಲ್ಲಿ ಯಾವ ದಿನ ಕಂಡಿತೆಂದು ಜೋಡಿಸಿ ನೋಡಿದಾಗ, ಜ್ವಾಲಾಮುಖಿಯ ಉಗುಳು ಉಷ್ಣವಲಯದಲ್ಲಿ ಪಡುವಣಕ್ಕೆ ಸಾಗುತ್ತ ಭೂಮಿಯನ್ನೇ ಸುತ್ತಿಬಂದದ್ದು ಸ್ಪಷ್ಟವಾಯಿತು. ಒಬ್ಬನೇ ಇದನ್ನು ಕಂಡುಹಿಡಿಯುವುದು ಸಾಧ್ಯವಿರಲಿಲ್ಲ. ಹಲವು ದೇಶಗಳ ದಿನಚರಿಗಳು ಒಂದೆಡೆ ಸೇರಬೇಕಾಯಿತು.

ಇದೇ ರೀತಿ ಆಫ್ರಿಕದ ಸಹಾರ ಮರುಭೂಮಿಯ ಧೂಳು ಅಟ್ಲಾಂಟಿಕ್ ಸಾಗರವನ್ನು ದಾಟುತ್ತದೆಂಬುದನ್ನು ಅಮೆರಿಕದ ಜೋಸೆಫ್ ಪ್ರಾಸ್ಪೆರೊ 1965ರಿಂದ ಬಾರ್ಬಡೋಸ್ ದ್ವೀಪದಲ್ಲಿ ಅಳೆಯತೊಡಗಿದರು. ಅಮೆರಿಕ ಮತ್ತು ಫ್ರಾನ್ಸ್ ಜೊತೆಗೂಡಿ 2006ರಲ್ಲಿ ಹಾರಿಬಿಟ್ಟ ಕ್ಯಾಲಿಪ್ಸೊ ಉಪಗ್ರಹದ ಅಳತೆಗಳಿಂದ 2015ರಲ್ಲಿ ಒಂದು ಲೆಕ್ಕ ಹೊರಬಂತು. ವರ್ಷಕ್ಕೆ ಸರಾಸರಿ 2 ಕೋಟಿ 77 ಲಕ್ಷ ಟನ್ ಆಫ್ರಿಕದ ಧೂಳು ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿನ ಮೇಲೆ ಬೀಳುತ್ತದೆ. ಅದರಲ್ಲಿ ಸುಮಾರು 22 ಸಾವಿರ ಟನ್ ರಂಜಕವಿದೆ. ಕಾಡಿಗೆ ಅದು ಗೊಬ್ಬರ. ಗಾಳಿ ತರುವುದೆಲ್ಲವೂ ಕೆಡುಕಲ್ಲ ಎಂಬುದನ್ನೂ ನಾವು ನೆನಪಿಡಬೇಕು. 1998ರ ಏಪ್ರಿಲ್‌ನಲ್ಲಿ ಗೋಬಿ ಮರುಭೂಮಿಯ ಬಿರುಗಾಳಿಯ ಧೂಳು ಐದಾರು ದಿನಗಳಲ್ಲಿ ಶಾಂತಸಾಗರವನ್ನು ದಾಟಿ ಉತ್ತರ ಅಮೆರಿಕದ ಪಶ್ಚಿಮ ತೀರವನ್ನು ಮುಟ್ಟಿತು.

ಮೊದಲು ಅಳತೆ, ಆಮೇಲೆ ಒಡಂಬಡಿಕೆ

ಧೂಳು ನಿಸರ್ಗದ್ದು. ಹೊಗೆ ಮನುಷ್ಯನದು. ಮನುಷ್ಯನ ಹೊಗೆ ಗಡಿ ದಾಟಿದಾಗ ಮಾತು ಬಿಸಿಯಾಗುತ್ತದೆ.

1967ರಲ್ಲಿ ಸ್ವೀಡನ್ನಿನ ಮಣ್ಣುವಿಜ್ಞಾನಿ ಸ್ವಾಂಟೆ ಒಡೆನ್ ತಮ್ಮ ದೇಶದ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಸ್ವೀಡನ್ನಿನ ಸರೋವರಗಳು ಹುಳಿಯಾಗುತ್ತಿವೆ, ಮೀನುಗಳು ಸಾಯುತ್ತಿವೆ, ಇದಕ್ಕೆ ಕಾರಣವಾದ ಗಂಧಕದ ಹೊಗೆ ಹೊರದೇಶಗಳಿಂದಲೂ ಬರುತ್ತಿದೆ ಎಂಬುದು ಅವರ ವಾದ. ಹೊಗೆ ಬಿಡುವ ದೇಶಗಳು ಇದನ್ನು ಸುಲಭವಾಗಿ ಒಪ್ಪಲಿಲ್ಲ. ಆಗ ಏನು ಮಾಡಿದರು? ಹಲವು ದೇಶಗಳಲ್ಲಿ ಒಂದೇ ವಿಧಾನದಿಂದ ಗಾಳಿ ಮತ್ತು ಮಳೆಯನ್ನು ಅಳೆಯುವ ಕೇಂದ್ರಗಳ ಜಾಲವನ್ನು ಕಟ್ಟಿದರು. 1979ರಲ್ಲಿ ಜಿನೀವಾದಲ್ಲಿ, ದೂರ ಸಾಗುವ ಗಡಿಯಾಚೆಯ ವಾಯುಮಾಲಿನ್ಯವನ್ನು ಕುರಿತ ಒಡಂಬಡಿಕೆಗೆ ಯುರೋಪಿನ ಪೂರ್ವ ಮತ್ತು ಪಶ್ಚಿಮದ ದೇಶಗಳೂ, ಅಮೆರಿಕ ಮತ್ತು ಕೆನಡಗಳೂ ಸಹಿ ಹಾಕಿದವು. ಅದು ಶೀತಲ ಸಮರದ ಕಾಲ. ಹಲವು ವಿಷಯಗಳಲ್ಲಿ ಹೊಂದದ ಎರಡು ಬಣಗಳು ಗಾಳಿಯ ವಿಷಯದಲ್ಲಿ ಒಂದೇ ಮೇಜಿಗೆ ಬಂದವು.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಿ. ಈ ಒಡಂಬಡಿಕೆಯ ಅಡಿಯಲ್ಲಿ 1984ರಲ್ಲಿ ಆದ ಮೊದಲ ಕರಾರು ಹೊಗೆಯನ್ನು ಕಡಿಮೆ ಮಾಡುವುದರ ಬಗ್ಗೆ ಅಲ್ಲ, ಅಳತೆಯ ಜಾಲಕ್ಕೆ ಯಾರು ಎಷ್ಟು ಹಣ ಕೊಡಬೇಕು ಎಂಬುದರ ಬಗ್ಗೆ. ಗಂಧಕದ ಹೊಗೆಯನ್ನು ಶೇಕಡ 30ರಷ್ಟು ತಗ್ಗಿಸುವ ಕರಾರು ಬಂದದ್ದು ಮರುವರ್ಷ, 1985ರಲ್ಲಿ. ಮೊದಲು ಬಿಳಿಗುಂಡ್ಲು, ಆಮೇಲೆ ನೀರಿನ ಪಾಲು ಎಂದ ಹಾಗೆ.

ನಮ್ಮ ಸಾಗರದ ಮೇಲಿನ ಮಬ್ಬು

ನಮ್ಮ ಭಾಗದಲ್ಲಿ ಇಂಥ ಅಳತೆ ನಡೆದದ್ದು 1999ರಲ್ಲಿ. ಅದರ ಹೆಸರು ಇಂಡೋಎಕ್ಸ್, ಅಂದರೆ ಹಿಂದೂ ಮಹಾಸಾಗರ ಪ್ರಯೋಗ. ಇದರ ಮುಂದಾಳುಗಳಲ್ಲಿ ಒಬ್ಬರು ಓಜೋನ್ ಸಂಶೋಧನೆಗಾಗಿ 1995ರ ನೊಬೆಲ್ ಪ್ರಶಸ್ತಿ ಪಡೆದ ಪಾಲ್ ಕ್ರುಟ್‌ಜೆನ್. ಇನ್ನೊಬ್ಬರು ವೀರಭದ್ರನ್ ರಾಮನಾಥನ್. ರಾಮನಾಥನ್ ಅವರು ಹನ್ನೊಂದನೆಯ ವಯಸ್ಸಿನಲ್ಲಿ ಬೆಂಗಳೂರಿಗೆ ಬಂದು ಶಾಲೆಗೆ ಸೇರಿದವರು. ಇದ್ದಕ್ಕಿದ್ದಂತೆ ಇಂಗ್ಲಿಷ್ ಮಾಧ್ಯಮದ ಪಾಠ ಅರ್ಥವಾಗದೆ, ವಿಷಯಗಳನ್ನು ತಾವೇ ಯೋಚಿಸಿ ತಿಳಿಯುವ ಅಭ್ಯಾಸ ಆಗ ಬೆಳೆಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಅಮೆರಿಕಕ್ಕೆ ಹೋದರು. ಭಾರತದ ಕಡೆಯಿಂದ ಪ್ರಯೋಗದ ಹೊಣೆ ಹೊತ್ತವರು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ. ಪಿ. ಮಿತ್ರ.

1999ರ ಜನವರಿಯಿಂದ ಮಾರ್ಚ್‌ವರೆಗೆ ಮಾಲ್ಡೀವ್ಸನ್ನು ನೆಲೆಯಾಗಿ ಮಾಡಿಕೊಂಡು ವಿಮಾನಗಳು ಹಾರಿದವು. ಭಾರತದ ಸಾಗರ ಕನ್ಯಾ ನೌಕೆಯೂ ಅಮೆರಿಕದ ರೊನಾಲ್ಡ್ ಬ್ರೌನ್ ನೌಕೆಯೂ ಸಮುದ್ರದಲ್ಲಿ ಸುತ್ತಿದವು. ಕಾಶಿಧೂ ಎಂಬ ಪುಟ್ಟ ದ್ವೀಪದಲ್ಲಿ ಒಂದು ವೀಕ್ಷಣಾಲಯ ಹಗಲಿರುಳು ಗಾಳಿಯನ್ನು ಸೋಸಿ ನೋಡಿತು. ಚಳಿಗಾಲದ ಈಶಾನ್ಯ ಗಾಳಿ ನಮ್ಮ ಭೂಭಾಗವನ್ನು ಬಿಟ್ಟು ಸಮುದ್ರಕ್ಕೆ ಇಳಿಯುವ ದಾರಿಯಲ್ಲೇ ಆ ದ್ವೀಪವಿದೆ. ಗಾಳಿಯ ಹೊಳೆಗೆ ಅದೇ ಬಿಳಿಗುಂಡ್ಲು ಎನ್ನಬಹುದು.

ಕಂಡದ್ದು ವಿಜ್ಞಾನಿಗಳಿಗೂ ಅಚ್ಚರಿ ತಂದಿತು. ಸುಮಾರು 1 ಕೋಟಿ ಚದರ ಕಿ.ಮೀ. ವಿಸ್ತಾರದಲ್ಲಿ, ಸುಮಾರು 3 ಕಿ.ಮೀ. ಎತ್ತರದವರೆಗೆ ಕಂದು ಬಣ್ಣದ ಮಬ್ಬು ಹರಡಿತ್ತು. ಅದರ ಮುಕ್ಕಾಲು ಪಾಲಿಗಿಂತ ಹೆಚ್ಚು ಮನುಷ್ಯನ ಚಟುವಟಿಕೆಯಿಂದ ಬಂದದ್ದು: ಗಂಧಕದ ಕಣ, ಸಾವಯವ ಕಣ, ಮಸಿ, ಬೂದಿ. ಕಾಶಿಧೂವಿನ ಅಳತೆಗಳಿಂದ ಎಸ್. ಕೆ. ಸತೀಶ್ ಮತ್ತು ರಾಮನಾಥನ್ 2000ದಲ್ಲಿ ಒಂದು ಮುಖ್ಯ ಸಂಗತಿಯನ್ನು ತೋರಿಸಿದರು. ಕಣಗಳಲ್ಲಿ ಮಸಿ ಇದ್ದರೆ ಬಿಸಿಲಿನ ಒಂದು ಪಾಲನ್ನು ಅದು ನಡುದಾರಿಯಲ್ಲೇ ಹೀರಿಕೊಳ್ಳುತ್ತದೆ. ಆದ್ದರಿಂದ ಸಮುದ್ರದ ಮೇಲ್ಮೈಗೆ ಬಿಸಿಲು ಕಡಿಮೆಯಾಗುತ್ತದೆ, ನಡುವಿನ ಗಾಳಿ ಕಾಯುತ್ತದೆ. ಒಲೆಯ ಮೇಲಿನ ಪಾತ್ರೆಯ ತಳ ಕಪ್ಪಾದಷ್ಟೂ ಶಾಖ ಹೀರುವುದನ್ನು ನೀವು ಕಂಡಿದ್ದೀರಿ. ಇದೂ ಅದೇ ತತ್ತ್ವ. ಸತೀಶ್ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಅಲ್ಲಿನ ಗಾಳಿಯ ಮಸಿಯನ್ನೂ ಸಹೋದ್ಯೋಗಿಗಳೊಡನೆ ಅಳೆದು 2002ರಲ್ಲಿ ಪ್ರಕಟಿಸಿದರು.

ಹೆಸರಿನ ಜಗಳ

ಇಷ್ಟರವರೆಗೆ ವಿಜ್ಞಾನ ನೇರವಾಗಿ ನಡೆಯಿತು. ಮುಂದೆ ತೊಡಕು ಬಂತು.

2002ರ ಆಗಸ್ಟ್‌ನಲ್ಲಿ, ಜೊಹಾನ್ಸ್‌ಬರ್ಗ್ ಶೃಂಗಸಭೆಗೆ ಕೆಲವೇ ದಿನಗಳ ಮೊದಲು, ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಒಂದು ವರದಿಯನ್ನು ಹೊರತಂದಿತು. ಮಬ್ಬಿಗೆ ಅದು ಕೊಟ್ಟ ಹೆಸರು 'ಏಷ್ಯದ ಕಂದು ಮೋಡ'. ಪತ್ರಿಕೆಗಳಲ್ಲಿ ದೊಡ್ಡ ಅಕ್ಷರಗಳ ಸುದ್ದಿಯಾಯಿತು. ಈ ಮೋಡದಿಂದ ಮುಂಗಾರು ಕೆಡುತ್ತದೆ, ಬೆಳೆ ಕುಗ್ಗುತ್ತದೆ ಎಂಬ ಮಾತುಗಳು ಹರಿದಾಡಿದವು.

ಇದಕ್ಕೆ ಉತ್ತರ ಬಂದದ್ದು ಬೆಂಗಳೂರಿನಿಂದಲೇ. ಭಾರತೀಯ ವಿಜ್ಞಾನ ಸಂಸ್ಥೆಯ ಜೆ. ಶ್ರೀನಿವಾಸನ್ ಮತ್ತು ಸುಲೋಚನಾ ಗಾಡ್ಗೀಳ್ ಅದೇ ವರ್ಷ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಲೇಖನ ಬರೆದು, ಇದರಲ್ಲಿ ನಿಜವೆಷ್ಟು, ಕಲ್ಪನೆಯೆಷ್ಟು ಎಂದು ಪ್ರಶ್ನಿಸಿದರು. ಮಬ್ಬು ಇದೆ ಎಂಬುದನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ಅಳತೆ ನಡೆದದ್ದು ಜನವರಿಯಿಂದ ಮಾರ್ಚ್‌ವರೆಗಿನ ಒಣ ತಿಂಗಳುಗಳಲ್ಲಿ. ಮುಂಗಾರು ಬರುವುದು ಜೂನ್‌ನಲ್ಲಿ. ಒಣ ತಿಂಗಳ ಅಳತೆಯಿಂದ ಮುಂಗಾರಿನ ಭವಿಷ್ಯ ಹೇಳಲು ಸಾಕಷ್ಟು ಆಧಾರವಿಲ್ಲ. ಇಂಥ ಮಬ್ಬು ಏಷ್ಯಕ್ಕಷ್ಟೇ ಸೀಮಿತವೂ ಅಲ್ಲ ಎಂಬುದು ಅವರ ತಕರಾರು. ರಾಮನಾಥನ್ ಮತ್ತು ಜೊತೆಗಾರರು ಅದಕ್ಕೆ ಮರುತ್ತರ ಕೊಟ್ಟರು. ಭಾರತ ಸರ್ಕಾರವೂ ಹೆಸರಿಗೆ ಆಕ್ಷೇಪಣೆ ಎತ್ತಿತು. ಕೊನೆಗೆ ಯೋಜನೆಯ ಹೆಸರು 'ವಾಯುಮಂಡಲದ ಕಂದು ಮೋಡಗಳು' ಎಂದು ಬದಲಾಯಿತು. 2008ರ ವರದಿಯಲ್ಲಿ ದಕ್ಷಿಣ ಆಫ್ರಿಕ ಖಂಡಭಾಗ ಮತ್ತು ಅಮೆಜಾನ್ ಪ್ರದೇಶಗಳೂ ಮಬ್ಬಿನ ತಾಣಗಳಾಗಿ ಪಟ್ಟಿಗೆ ಸೇರಿದವು.

ಒಂದು ಹೆಸರಿಗೆ ಇಷ್ಟು ಜಗಳವೇ ಎಂದು ನಿಮಗೆ ಅನ್ನಿಸಬಹುದು. ಯೋಚಿಸಿ ನೋಡಿ. ಮೋಡಕ್ಕೆ ಒಂದು ಭೂಖಂಡದ ಹೆಸರು ಕಟ್ಟಿದರೆ ತಪ್ಪಿನ ಹೊಣೆಯೂ ಆ ಭೂಖಂಡದ ತಲೆಗೇ ಕಟ್ಟಿದಂತೆ. ಇನ್ನೂರು ವರ್ಷ ಕಲ್ಲಿದ್ದಲು ಉರಿಸಿದ ದೇಶಗಳು, ಸೌದೆ ಒಲೆಯ ಮುಂದೆ ಕೆಮ್ಮುವ ತಾಯಿಯ ಕಡೆಗೆ ಬೆರಳು ತೋರಿಸುವುದು ನ್ಯಾಯವೇ ಎಂಬ ಪ್ರಶ್ನೆ ಏಳುತ್ತದೆ. ಹಾಗೆಂದು, ನಮ್ಮ ಹೆಸರು ಕೆಡುತ್ತದೆಂದು ಹೊಗೆಯನ್ನೇ ಇಲ್ಲವೆನ್ನುವುದೂ ಸರಿಯಲ್ಲ. ಆ ತಾಯಿಯ ಎದೆಗೆ ಹೊಗೆ ಇಳಿಯುವುದಂತೂ ನಿಜ. ವಿಜ್ಞಾನಿಗಳ ನಡುವಿನ ಈ ವಾಗ್ವಾದ ಸಹಕಾರಕ್ಕೆ ಅಡ್ಡಿಯಾಗಲಿಲ್ಲ. ಇನ್ನಷ್ಟು ನಿಖರವಾಗಿ, ವರ್ಷವಿಡೀ ಅಳೆಯಬೇಕೆಂಬ ಒತ್ತಾಯ ಅದರಿಂದ ಬಲವಾಯಿತು. ಇಸ್ರೋ ಸಂಸ್ಥೆಯು ದೇಶದ ಉದ್ದಗಲಕ್ಕೂ ಕಣಗಳನ್ನು ಅಳೆಯುವ ವೀಕ್ಷಣಾಲಯಗಳ ಜಾಲವನ್ನು ಬೆಳೆಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಆ ಜಾಲದ ಒಂದು ಕೇಂದ್ರ.

ಯಾವ ಒಲೆಯ ಮಸಿ?

ಮಸಿಯನ್ನು ನೋಡಿ ಅದು ಸೌದೆಯದೋ ಡೀಸೆಲ್ಲಿನದೋ ಎಂದು ಹೇಳಬಹುದೇ? ಹೇಳಬಹುದು. ಅದಕ್ಕೊಂದು ಜಾಣ ಉಪಾಯವಿದೆ.

ಜೀವಂತ ಮರವು ಗಾಳಿಯಿಂದ ಇಂಗಾಲವನ್ನು ಪಡೆಯುವಾಗ ಅದರ ಜೊತೆಗೆ ಅತ್ಯಲ್ಪ ಪ್ರಮಾಣದ ವಿಕಿರಣಶೀಲ ಇಂಗಾಲ-14ನ್ನೂ ಪಡೆಯುತ್ತದೆ. ಇದು 5,730 ವರ್ಷಗಳಿಗೆ ಅರ್ಧದಷ್ಟು ಕರಗುತ್ತದೆ. ಕೋಟ್ಯಂತರ ವರ್ಷ ನೆಲದಡಿಯಲ್ಲಿದ್ದ ಕಲ್ಲಿದ್ದಲು ಮತ್ತು ಪೆಟ್ರೋಲಿಯಂಗಳಲ್ಲಿ ಅದು ಉಳಿದಿರುವುದೇ ಇಲ್ಲ. ಆದ್ದರಿಂದ ಮಸಿಯಲ್ಲಿ ಇಂಗಾಲ-14 ಎಷ್ಟಿದೆಯೆಂದು ಅಳೆದರೆ ಸೌದೆ, ಸೆಗಣಿ, ಹುಲ್ಲುಗಳ ಪಾಲೆಷ್ಟು, ಕಲ್ಲಿದ್ದಲು ಮತ್ತು ಡೀಸೆಲ್ಲಿನ ಪಾಲೆಷ್ಟು ಎಂಬುದು ತಿಳಿಯುತ್ತದೆ.

ಸ್ವೀಡನ್ನಿನ ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಗುಸ್ಟಾಫ್‌ಸನ್ ಮತ್ತು ಭಾರತವೂ ಸೇರಿದಂತೆ ಬೇರೆ ದೇಶಗಳ ಸಹಸಂಶೋಧಕರು ಮಾಲ್ಡೀವ್ಸಿನ ಹನಿಮಾಧೂ ದ್ವೀಪದಲ್ಲಿಯೂ ಪುಣೆಯ ಬಳಿಯ ಸಿಂಹಗಡದಲ್ಲಿಯೂ ಕಣಗಳನ್ನು ಹಿಡಿದು ಈ ಪರೀಕ್ಷೆ ಮಾಡಿದರು. 2009ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಅಳೆಯುವ ವಿಧಾನಕ್ಕೆ ತಕ್ಕಂತೆ, ಮಸಿಯ ಸುಮಾರು ಅರ್ಧದಿಂದ ಮೂರರಲ್ಲಿ ಎರಡು ಪಾಲು ಸೌದೆ, ಸೆಗಣಿ, ಬೆಳೆಯ ಕಸದಂಥ ಜೈವಿಕ ವಸ್ತುಗಳನ್ನು ಸುಟ್ಟದ್ದು. ಅದಕ್ಕೆ ಮೊದಲೇ 2005ರಲ್ಲಿ ಮುಂಬಯಿಯ ಐ.ಐ.ಟಿ.ಯ ಚಂದ್ರಾ ವೆಂಕಟರಾಮನ್ ಮತ್ತು ಸಂಗಡಿಗರು ಅಡುಗೆ ಒಲೆಯೇ ನಮ್ಮ ಮಸಿಯ ಅತಿ ದೊಡ್ಡ ಮೂಲ ಎಂದು ಲೆಕ್ಕ ಹಾಕಿದ್ದರು.

ಇಲ್ಲಿಗೆ ನಾವು ದ್ವೀಪದಿಂದ ಮತ್ತೆ ನಮ್ಮ ಅಡುಗೆಮನೆಗೆ ಬಂದಂತಾಯಿತು. ಹೊಗೆ ಕಡಿಮೆ ಮಾಡುವ ಕೆಲಸವೂ ನಮ್ಮಲ್ಲಿ ಹೊಸದಲ್ಲ. 1974ರಲ್ಲಿ ಅಮೂಲ್ಯ ರೆಡ್ಡಿಯವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವನ್ನು ಆರಂಭಿಸಿದರು. ಮಾಗಡಿಗೆ ನೆರೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅದರ ಕ್ಷೇತ್ರ ಕೇಂದ್ರವಿತ್ತು. ಹೊಗೆಕೊಳವೆಯಿರುವ, ಕಡಿಮೆ ಸೌದೆ ಬೇಡುವ 'ಅಸ್ತ್ರ ಒಲೆ' ರಾಜ್ಯದ ಹಳ್ಳಿಗಳಿಗೆ ಬಂದದ್ದು ಅಲ್ಲಿಂದಲೇ. 2016ರಲ್ಲಿ ಬಡ ಕುಟುಂಬಗಳಿಗೆ ಅಡುಗೆ ಅನಿಲ ಕೊಡುವ ಉಜ್ವಲ ಯೋಜನೆ ಶುರುವಾಯಿತು. ರಾಮನಗರದಲ್ಲಿ ರೇಷ್ಮೆಗೂಡನ್ನು ಬೇಯಿಸಿ ನೂಲು ಬಿಚ್ಚುವ ಒಲೆಗಳೂ ಬಹುಕಾಲದಿಂದ ಸೌದೆಯನ್ನೇ ನಂಬಿದವು. ಇಂಥ ಒಲೆ ಚೆನ್ನಾಗಿ ಉರಿದರೆ ಮೊದಲು ಉಸಿರಾಡುವುದು ಅದರ ಮುಂದೆ ಕುಳಿತ ಕೆಲಸಗಾರ. ಕಾಶಿಧೂವಿನ ಗಾಳಿ ಆಮೇಲಿನ ಮಾತು.

ಶೇಕಡ 20ರ ಲೆಕ್ಕ

ಭೂಖಂಡಗಳ ನಡುವಿನ ಪಾಲನ್ನು ಹೇಗೆ ಹಂಚುತ್ತಾರೆ? ನಾನು ಮೇಲೆ ಹೇಳಿದ ಜಿನೀವಾ ಒಡಂಬಡಿಕೆಯ ಅಡಿಯಲ್ಲಿ 2004ರಲ್ಲಿ ಒಂದು ಕಾರ್ಯಪಡೆ ರಚನೆಯಾಯಿತು. ಗೋಳಾರ್ಧದುದ್ದಕ್ಕೂ ಸಾಗುವ ವಾಯುಮಾಲಿನ್ಯದ ಅಧ್ಯಯನ ಅದರ ಕೆಲಸ. ಒಡಂಬಡಿಕೆಗೆ ಸೇರದ ದೇಶಗಳ ವಿಜ್ಞಾನಿಗಳಿಗೂ ಅದರ ಬಾಗಿಲು ತೆರೆದಿದೆ. ಭಾರತವು ಜಿನೀವಾ ಒಡಂಬಡಿಕೆಯ ಸದಸ್ಯನಲ್ಲ; ನಮ್ಮ ನೆರೆಹೊರೆಯ ಏಳು ದೇಶಗಳ ಜೊತೆಗೆ 1998ರ ಮಾಲೆ ಘೋಷಣೆಯಲ್ಲಿ ಭಾಗಿ.

ಕಾರ್ಯಪಡೆಯ ಮೊದಲ ಪ್ರಯೋಗ ಸರಳವಾಗಿತ್ತು. ಉತ್ತರ ಅಮೆರಿಕ, ಯುರೋಪ್, ಪೂರ್ವ ಏಷ್ಯ, ದಕ್ಷಿಣ ಏಷ್ಯ ಎಂದು ನಾಲ್ಕು ವಲಯಗಳನ್ನು ಗುರುತಿಸಿದರು. ಗಣಕಯಂತ್ರದ ಗಣಿತ ಮಾದರಿಯಲ್ಲಿ ಒಂದು ವಲಯದ ಹೊಗೆಯನ್ನಷ್ಟೇ ಶೇಕಡ 20ರಷ್ಟು ತಗ್ಗಿಸಿ, ಉಳಿದ ಮೂರು ವಲಯಗಳಲ್ಲಿ ಗಾಳಿ ಎಷ್ಟು ಶುದ್ಧವಾಗುತ್ತದೆ ಎಂದು ನೋಡಿದರು. ಹೀಗೆ ಸರದಿಯ ಮೇಲೆ ನಾಲ್ಕಕ್ಕೂ. ಇದನ್ನು ಒಂದು ತಂಡ ಮಾಡಿದ್ದರೆ ಸಂಶಯ ಉಳಿಯುತ್ತಿತ್ತು. ಆದ್ದರಿಂದ ಬೇರೆ ಬೇರೆ ದೇಶಗಳ ತಂಡಗಳು ತಮ್ಮ ತಮ್ಮ ಮಾದರಿಗಳಲ್ಲಿ ಅದೇ ಪ್ರಶ್ನೆಯನ್ನು ಕೇಳಿ ಉತ್ತರಗಳನ್ನು ಹೋಲಿಸಿದವು.

2010ರ ವರದಿಯ ತಿರುಳನ್ನು ಎರಡು ಮಾತಿನಲ್ಲಿ ಹೇಳಬಹುದು. ಮೊದಲನೆಯದು: ಸೂಕ್ಷ್ಮಕಣಗಳ ವಿಷಯದಲ್ಲಿ ನಮ್ಮ ಆರೋಗ್ಯವನ್ನು ಕೆಡಿಸುವುದು ಬಹುಮಟ್ಟಿಗೆ ನಮ್ಮ ವಲಯದ್ದೇ ಹೊಗೆ. ಎರಡನೆಯದು: ಓಜೋನ್ ವಿಷಯದಲ್ಲಿ ಹೊರಗಿನವರ ಪಾಲು ದೊಡ್ಡದು. ಅದೇ ಮಾದರಿಗಳನ್ನು ಬಳಸಿ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇನ್ನೂ ಕುತೂಹಲಕರವಾದದ್ದನ್ನು ಹೇಳಿತು. ಉತ್ತರ ಅಮೆರಿಕ ಮತ್ತು ಯುರೋಪುಗಳು ಓಜೋನನ್ನು ಹುಟ್ಟಿಸುವ ಹೊಗೆಯನ್ನು ತಗ್ಗಿಸಿದರೆ, ಅದರಿಂದ ಉಳಿಯುವ ಜೀವಗಳಲ್ಲಿ ಹೆಚ್ಚಿನವು ಆ ಭೂಖಂಡಗಳ ಹೊರಗೆ ಇರುತ್ತವೆ!

ಅಂದರೆ ಎರಡೂ ಮಾತು ನಿಜ. ನಮ್ಮ ಮಸಿಗೆ ನಾವೇ ಹೊಣೆ. ನಮ್ಮ ಓಜೋನಿಗೆ ದೂರದವರೂ ಹೊಣೆ. ಬರಿಯ ವಾದದಿಂದ ಇದು ಇತ್ಯರ್ಥವಾಗುತ್ತಿರಲಿಲ್ಲ. ಎಲ್ಲರೂ ನಂಬುವ ಅಳತೆಯಿಂದ ಮಾತ್ರ ಆಯಿತು.

ನೀವೇ ಮಾಡಿ ನೋಡಿ

ಈ ಅಳತೆಯ ಪಾಠವನ್ನು ನಮ್ಮ ನಾಲ್ಕು ಊರುಗಳಲ್ಲೇ ಕಲಿಯಬಹುದು. ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿಯಿಂದ ಒಂದೊಂದು ಶಾಲೆ ಅಥವಾ ಕಾಲೇಜು ಸೇರಿಕೊಳ್ಳಲಿ.

ಅಂಗೈಯಗಲದ ಬಿಳಿಯ ದಪ್ಪ ಕಾಗದದ ತುಂಡುಗಳಿಗೆ ತೆಳುವಾಗಿ ವ್ಯಾಸಲೀನ್ ಸವರಿ. ಒಂದನ್ನು ಹೆದ್ದಾರಿಯ ಪಕ್ಕ, ಒಂದನ್ನು ಸೌದೆ ಒಲೆಯಿರುವ ಅಡುಗೆಮನೆಯ ಹೊರಗೆ, ಒಂದನ್ನು ಹೊಲದ ನಡುವೆ, ಮಳೆ ಬೀಳದ ಜಾಗ ನೋಡಿ ತೂಗುಹಾಕಿ. ಎಲ್ಲ ಊರಿನಲ್ಲೂ ಒಂದೇ ಬಗೆಯ ಕಾಗದ, ನೆಲದಿಂದ ಒಂದೇ ಎತ್ತರ, ಒಂದೇ ವಾರ. ಏಳನೆಯ ದಿನ ತೆಗೆದು, ಭೂತಗನ್ನಡಿಯಲ್ಲಿ ನೋಡಿ, ಒಂದು ಚದರ ಸೆಂಟಿಮೀಟರಿನಲ್ಲಿರುವ ಕಣಗಳನ್ನು ಎಣಿಸಿ. ಗಾಳಿಯ ದಿಕ್ಕನ್ನು ಪ್ರತಿದಿನ ಬರೆದಿಡಿ. ದಪ್ಪ ಕಣಗಳಷ್ಟೇ ನಿಮ್ಮ ಕಣ್ಣಿಗೆ ಬೀಳುತ್ತವೆ. ಭೂಖಂಡ ದಾಟುವ ಸಣ್ಣ ಕಣಗಳಿಗೆ ಬೇರೆ ಉಪಕರಣ ಬೇಕು. ಆದರೂ ಸಹಕಾರದ ರೀತಿ ಇದೇ.

ಇನ್ನೊಂದು ಕೆಲಸಕ್ಕೆ ಉಪಕರಣವೇ ಬೇಡ. ಮಾಗಡಿಯ ಕಡೆಯವರು ಸಾವನದುರ್ಗವನ್ನೂ, ರಾಮನಗರದವರು ರಾಮದೇವರ ಬೆಟ್ಟವನ್ನೂ ದೂರದ ಒಂದು ನಿಶ್ಚಿತ ಜಾಗದಿಂದ ದಿನವೂ ಮಧ್ಯಾಹ್ನ ನೋಡಿ, ಬಂಡೆಯ ಅಂಚು ಸ್ಪಷ್ಟ, ಮಸುಕು, ಕಾಣದು ಎಂದು ಮೂರು ದರ್ಜೆಗಳಲ್ಲಿ ಬರೆಯಿರಿ. ಮಧ್ಯಾಹ್ನವೇ ಏಕೆಂದರೆ ಆಗ ಮುಂಜಾನೆಯ ಮಂಜು ಕರಗಿರುತ್ತದೆ. ಮಳೆ ನಿಂತ ಅಕ್ಟೋಬರಿನಲ್ಲಿ ಹೇಗಿತ್ತು, ಫೆಬ್ರವರಿಯಲ್ಲಿ ಹೇಗಾಯಿತು ಎಂದು ವರ್ಷದ ಕೊನೆಗೆ ನಾಲ್ಕೂ ಊರಿನವರು ಪುಸ್ತಕಗಳನ್ನು ಎದುರಿಗಿಟ್ಟು ಹೋಲಿಸಿ.

ಆಗ ನಿಮ್ಮಲ್ಲೂ ಒಂದು ಜಗಳ ಹುಟ್ಟಬಹುದು: ಈ ಧೂಳು ನಮ್ಮದಲ್ಲ, ನಿಮ್ಮದು ಎಂದು. ಹುಟ್ಟಲಿ. ಗಾಳಿಯ ದಿಕ್ಕು ಬರೆದ ಪುಟವನ್ನು ತೆಗೆದು, ಇಬ್ಬರೂ ಕೂತು ಓದಿ.

ಯೋಚಿಸಲು ಪ್ರಶ್ನೆಗಳು

1. ಸೂಕ್ಷ್ಮಕಣಕ್ಕಿಂತ ಓಜೋನ್ ಹೆಚ್ಚು ದೂರ ಸಾಗಲು ಕಾರಣವೇನು?
2. ಆಷಾಢದಲ್ಲಿ ಮತ್ತು ಪುಷ್ಯಮಾಸದಲ್ಲಿ ನಿಮ್ಮ ಊರು ಯಾವ ಊರಿಗೆ 'ಮೇಲಿನ ಊರು' ಆಗುತ್ತದೆ? ಭೂಪಟದಲ್ಲಿ ಗುರುತಿಸಿ.
3. ಮಸಿಯಲ್ಲಿ ಇಂಗಾಲ-14 ಇಲ್ಲವೇ ಇಲ್ಲ ಎಂದು ಕಂಡುಬಂದರೆ ಅದು ಯಾವ ಇಂಧನದ್ದು?
4. 'ಏಷ್ಯದ ಕಂದು ಮೋಡ' ಎಂಬ ಹೆಸರನ್ನು ಬದಲಿಸಿದ್ದು ಸರಿಯೇ? ಪರವಾಗಿ ಒಂದು, ವಿರುದ್ಧವಾಗಿ ಒಂದು ಕಾರಣ ಬರೆಯಿರಿ.